ಹೊಸದೇ ಇರಲಿ

ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ತನ್ನ ಜೀವಮಾನದಲ್ಲಿ ಹೊಸದೆಂದು ಕೊಂಡ ವಸ್ತುಗಳು ಒಂದು ಕೈಯ ಬೆರಳುಗಳಿಗೂ ಸಾಲುತ್ತಿರಲಿಲ್ಲ. ಮನೆಯ ಫ್ಯಾನು, ಫ್ರಿಜ್ಜು, ಅವನ ಸ್ಕೂಟರು, ಗೋಡೆಯ ಗಡಿಯಾರ ಎಲ್ಲವೂ ಇನ್ನೊಬ್ಬರ ಮನೆಯಲ್ಲಿ ಬಾಳಿ, ಕೆಟ್ಟು, ಅವನ ಕೈಯಲ್ಲಿ ರಿಪೇರಿಯಾಗಿ ಬಂದವು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇನ್ನೂರು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಹೊಸ ಯಂತ್ರವೆಂದರೆ ಅನುಮಾನ. "ಹೊಸದರ ಗುಣ ಯಾರಿಗೆ ಗೊತ್ತು? ಹಳೇದಾದ್ರೆ ತನ್ನ ರೋಗ ಎಲ್ಲ ಮೊದಲೇ ತೋರಿಸಿಬಿಟ್ಟಿರುತ್ತೆ" ಎನ್ನುತ್ತಿದ್ದ.

ಮದುವೆಯಾದ ಹೊಸತರಲ್ಲಿ ಹೆಂಡತಿ ಇದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೆ ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ಸೇರಿ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾ ಕಟ್ಟುತ್ತಾ ಗಂಡನ ದಾರಿಗೇ ಬಂದಳು. "ಈ ಮನೇಗೆ ಹೊಸದಾಗಿ ಬಂದಿದ್ದು ನಾನೊಬ್ಬಳೇ" ಎಂದು ಮಗಳು ನಗುತ್ತಿದ್ದಳು. ಕೂಸಾಗಿದ್ದಾಗ ದಿನವಿಡೀ ಸಣ್ಣ ದನಿಯಲ್ಲಿ ರಾಗ ಎಳೆಯುತ್ತಿದ್ದ ಆ ಮಗಳನ್ನು ಅಪ್ಪ ಪಿಟೀಲು ಎಂದು ಕರೆದಿದ್ದ. ಹತ್ತೊಂಬತ್ತು ತುಂಬಿದರೂ ಅವಳು ಮನೆಯಲ್ಲಿ ಪಿಟೀಲೇ.

ಹದಿನಾರರಲ್ಲಿ ಅವಳಿಗೆ ರಕ್ತದ ಕಾಯಿಲೆ ಬಂತು. ಕೂದಲು ಉದುರಿತು, ಮತ್ತೆ ಬೆಳೆಯಿತು. ಓದು ಒಂದು ವರ್ಷ ಹಿಂದೆ ಬಿತ್ತು. ಆದರೂ ಹಟ ಹಿಡಿದು ಪರೀಕ್ಷೆ ಬರೆದು, ಸಂಖ್ಯಾಶಾಸ್ತ್ರದ ಮೂರು ವರ್ಷದ ಪದವಿಗೆ ಸೀಟು ಗಿಟ್ಟಿಸಿಕೊಂಡಳು. ಸೀಟಿನ ಪತ್ರ ಬಂದ ವಾರವೇ ರಕ್ತಪರೀಕ್ಷೆಯ ವರದಿಯೂ ಬಂತು. ತಾಯಿ ಮಗಳು ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರು ಮೆಕ್ಯಾನಿಕ್‌ನನ್ನು ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದರು.

"ಕಾಯಿಲೆ ವಾಪಸ್ ಬಂದಿದೆ. ಈ ಸಲ ಔಷಧಿ ಹಿಡೀತಾ ಇಲ್ಲ. ಹೆಚ್ಚು ಅಂದ್ರೆ ಒಂದು ವರ್ಷ ಅಂದ್ಕೊಳ್ಳಿ. ಕಾಲೇಜಿಗೆ ಹೋಗ್ಲಿ, ತಡೀಬೇಡಿ."

ಅವನು ತಲೆಯಾಡಿಸಿದ. ಹೆಂಡತಿ ಬಂದು ಕೇಳಿದಾಗ, "ಮಾತ್ರೆ ಬದಲಾಯಿಸಿದಾರೆ, ಅಷ್ಟೆ" ಎಂದ. ಅವಳು ಮತ್ತೇನೂ ಕೇಳಲಿಲ್ಲ. ಮರುದಿನ ಕಾರ್ಖಾನೆಯಲ್ಲಿ ಅವನು ಒಂದೇ ಯಂತ್ರಕ್ಕೆ ಮೂರು ಸಲ ಎಣ್ಣೆ ಬಿಟ್ಟ. ಅಲ್ಲಿ ಹೊಲಿಯುತ್ತಿದ್ದ ಹೆಂಗಸು ಬಟ್ಟೆಗೆಲ್ಲ ಜಿಡ್ಡಾಯಿತೆಂದು ಬೈದಳು.

ಲ್ಯಾಪ್‌ಟಾಪ್ ಇಲ್ಲದೆ ಬರುವಂತಿಲ್ಲ ಎಂದು ಕಾಲೇಜಿನ ಪತ್ರದಲ್ಲಿತ್ತು. ಭಾನುವಾರ ಬೆಳಿಗ್ಗೆ ಮೂವರೂ ಅಂಗಡಿಗೆ ಹೋದರು. ಉದ್ದನೆಯ ಮೇಜು; ಒಂದು ತುದಿಯಲ್ಲಿ ಡಬ್ಬದ ಪಕ್ಕ ಮಿನುಗುವ ಹೊಸವು, ಇನ್ನೊಂದು ತುದಿಯಲ್ಲಿ ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬಂದ ಹಳೆಯವು. ಮೆಕ್ಯಾನಿಕ್‌ನ ಕಾಲುಗಳು ತಾವಾಗಿಯೇ ಹಳೆಯದರ ಕಡೆ ನಡೆದವು. ಬೂದು ಬಣ್ಣದ ಒಂದನ್ನು ಎತ್ತಿಕೊಂಡು, ಮುಚ್ಚಳವನ್ನು ಒಂದೇ ಬೆರಳಲ್ಲಿ ತೆರೆದು ಮುಚ್ಚಿದ. ಕಿವಿಗೆ ಹಿಡಿದು ಒಳಗಿನ ಫ್ಯಾನಿನ ಸದ್ದು ಕೇಳಿದ. ಕೀಲಿಮಣೆಯ ನಾಲ್ಕಾರು ಅಕ್ಷರಗಳು ಬೆರಳು ತಾಗಿ ಸವೆದು ಹೊಳೆಯುತ್ತಿದ್ದವು, ಅಷ್ಟೇ. ಯಾರೋ ಕೈಚಳಕ ಇದ್ದವರೇ ಬಿಚ್ಚಿ ಕಟ್ಟಿದ್ದಾರೆಂದು ಅವನಿಗೆ ಗೊತ್ತಾಯಿತು. ಗಟ್ಟಿ ಯಂತ್ರ.

"ಒಳ್ಳೇದನ್ನೇ ಹಿಡಿದಿದೀರಿ" ಎಂದಳು ಅಂಗಡಿಯಾಕೆ. "ಆರು ತಿಂಗಳು ವಾರಂಟಿ ಕೊಡ್ತೀನಿ." ಆಮೇಲೆ ಪಿಟೀಲಿನ ಕಡೆ ತಿರುಗಿ, "ಎಷ್ಟು ವರ್ಷದ ಕೋರ್ಸಮ್ಮ ನಿಂದು?" ಎಂದು ಕೇಳಿದಳು.

"ಮೂರು."

"ಹಾಗಾದ್ರೆ ನೋಡು, ಹೊಸದಕ್ಕೆ ಪೂರ್ತಿ ಮೂರು ವರ್ಷ ವಾರಂಟಿ ಇದೆ. ನೀನು ಪಾಸಾಗೋವರೆಗೂ ಚಿಂತೆ ಇಲ್ಲ."

ಪಿಟೀಲು ಹೊಸದನ್ನು ಮುಟ್ಟಿಯೂ ನೋಡಲಿಲ್ಲ. "ಬೂದು ಬಣ್ಣದ್ದೇ ತಗೊಳೋಣ ಅಪ್ಪ. ಆರು ತಿಂಗಳು ಸಾಕು."

"ಸಾಕಂತೆ ಸಾಕು!" ತಾಯಿಯ ದನಿ ಇದ್ದಕ್ಕಿದ್ದಂತೆ ಏರಿತು. ಬೇರೆ ಗಿರಾಕಿಗಳು ತಿರುಗಿ ನೋಡಿದರು. "ಯಾಕೆ ಸಾಕು? ಮೂರು ವರ್ಷ ಓದೋಳಿಗೆ ಆರು ತಿಂಗಳು ಯಾಕೆ ಸಾಕು? ರೀ, ನೀವಾದ್ರೂ ಬಾಯಿ ಬಿಡಿ."

ಅವನ ಕೈ ಬೂದು ಯಂತ್ರದ ಮೇಲೇ ಇತ್ತು. ಮೂವತ್ತು ವರ್ಷದ ಅನುಭವ ಅದೇ ಸರಿಯೆಂದು ಹೇಳುತ್ತಿತ್ತು. ಬೇರೆ ಯಾವ ಭಾನುವಾರವಾಗಿದ್ದರೂ ಅವನು ಅದನ್ನೇ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಅದರ ಗುಣಗಾನ ಮಾಡುತ್ತಾ ಮನೆಗೆ ಬರುತ್ತಿದ್ದ. ಈಗ ಅದನ್ನು ಆರಿಸಿದರೆ ಮಗಳ ಆಯುಸ್ಸನ್ನು ತಾನೇ ಅಳೆದು ಕತ್ತರಿಸಿದಂತೆ ಅನ್ನಿಸಿತು.

"ಹೊಸದೇ ಇರಲಿ" ಎಂದ.

ಪಿಟೀಲು ಜೋರಾಗಿ ನಕ್ಕಳು. "ಅಪ್ಪಾ! ಹೊಸದಾ? ನಿನ್ನ ಬಾಯಲ್ಲಾ?" ನಗುತ್ತಾ ಅಪ್ಪನ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅಪ್ಪ ಕಣ್ಣು ತಪ್ಪಿಸಿ ಅಂಗಡಿಯಾಕೆಗೆ, "ಬಿಲ್ ಮಾಡಿ" ಎಂದ.

ಮನೆಗೆ ಬಂದ ಮೇಲೆ ತಾಯಿ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು. ಪಿಟೀಲು ಡಬ್ಬದ ಟೇಪು ಕೀಳುತ್ತಾ, ತಲೆ ಎತ್ತದೆ ಕೇಳಿದಳು. "ಡಾಕ್ಟ್ರು ಎಷ್ಟು ದಿನ ಅಂದ್ರಪ್ಪ?"

"ಯಾವ ಡಾಕ್ಟ್ರು? ಏನೂ ಅಂದಿಲ್ಲ. ಸುಮ್ನೆ ಪಿಟೀಲು ಕುಯ್ಯಬೇಡ."

"ನಾನು ಓದೋಕೆ ಹೊರಟಿರೋದೇ ಲೆಕ್ಕಾಚಾರ ಅಪ್ಪ. ರಿಪೋರ್ಟ್ ನೋಡಿದೀನಿ. ಬೇರೆಯವರಿಗೆ ಎಷ್ಟು ದಿನ ಸಿಕ್ಕಿದೆ ಅಂತಾನೂ ಓದಿದೀನಿ." ಟೇಪು ಅವಳ ಬೆರಳಿಗೆ ಅಂಟಿಕೊಂಡಿತ್ತು. ಅವನು ಬಿಡಿಸಿಕೊಟ್ಟ. "ಅಮ್ಮಂಗೆ ಮಾತ್ರ ಹೇಳ್ಬೇಡ. ಅವಳು ತಡ್ಕೊಳಲ್ಲ."

ಅವನು ಹೂಂ ಎಂದ. ಅಂದಿನಿಂದ ಅಪ್ಪ ಮಗಳು ಒಂದಾಗಿ, ತಾಯಿಯ ಮುಂದೆ ಏನೂ ಆಗಿಲ್ಲವೆಂಬಂತೆ ಇರತೊಡಗಿದರು. ಮುಂದಿನ ವರ್ಷ ಯಾವ ಪುಸ್ತಕ ಬೇಕು, ಯಾವ ಊರಲ್ಲಿ ಕೆಲಸ ಹುಡುಕಬೇಕು ಎಂದು ಊಟಕ್ಕೆ ಕೂತಾಗ ಮಾತಾಡಿದರು. ತಾಯಿಯೂ ಉತ್ಸಾಹದಿಂದ ಮಾತಿಗೆ ಮಾತು ಸೇರಿಸುತ್ತಿದ್ದಳು. ಅದನ್ನು ನೋಡಿದಾಗೆಲ್ಲ ಅವನು ತಲೆ ತಗ್ಗಿಸಿ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದ.

ಪಿಟೀಲು ಕಾಲೇಜಿಗೆ ಹೋದದ್ದು ಹದಿನಾಲ್ಕು ವಾರ. ಮೊದಲ ಪರೀಕ್ಷೆಯಲ್ಲಿ ತರಗತಿಗೇ ಎರಡನೆಯವಳಾಗಿ ಬಂದಳು. ಮೊದಲನೆಯವನ ಮೇಲೆ ಹೊಟ್ಟೆಕಿಚ್ಚು ಪಟ್ಟು ಎರಡು ದಿನ ಉರಿದಳು. ಆಮೇಲೆ ಮೆಟ್ಟಿಲು ಹತ್ತಲಾಗಲಿಲ್ಲ. ಆಮೇಲೆ ಆಸ್ಪತ್ರೆ. ಲ್ಯಾಪ್‌ಟಾಪ್ ತಂದ ಏಳನೆಯ ತಿಂಗಳು, ಒಂದು ಮಧ್ಯಾಹ್ನ, ತಾಯಿ ಅವಳ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ, ಹೋಗಿಬಿಟ್ಟಳು.

ಎರಡು ತಿಂಗಳ ಮೇಲೆ ಸಹಪಾಠಿ ಹುಡುಗಿಯೊಬ್ಬಳು ಮನೆಗೆ ಬಂದಳು. ಇಬ್ಬರೂ ಸೇರಿ ಮಾಡುತ್ತಿದ್ದ ಪ್ರಾಜೆಕ್ಟು ಪಿಟೀಲಿನ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಕೇಳಲು ಸಂಕೋಚಪಟ್ಟು ಇಷ್ಟು ದಿನ ಬಂದಿರಲಿಲ್ಲವಂತೆ. ತಾಯಿ ಅದನ್ನು ಬೀರುವಿನಿಂದ ತೆಗೆದುಕೊಟ್ಟು, ಎದುರಿಗೆ ಕೂತು, ಆ ಹುಡುಗಿಯ ಬೆರಳುಗಳನ್ನೇ ನೋಡುತ್ತಿದ್ದಳು.

"ಕ್ಲಾಸಲ್ಲಿ ನಮ್ಮನ್ನೆಲ್ಲ ನಗಿಸಿ ಸಾಯಿಸ್ತಿದ್ಲು ಆಂಟಿ" ಎಂದ ಹುಡುಗಿ ಫಕ್ಕನೆ ನಾಲಿಗೆ ಕಚ್ಚಿಕೊಂಡಳು.

"ಪರವಾಗಿಲ್ಲ, ಹೇಳು" ಎಂದಳು ತಾಯಿ. "ಏನಂತ ನಗಿಸ್ತಿದ್ಲು?"

ಹುಡುಗಿ ಹೊರಟ ಮೇಲೆ ಮನೆ ತಣ್ಣಗಾಯಿತು. ಲೋಟ ತೊಳೆಯುತ್ತಿದ್ದ ಗಂಡನ ಬೆನ್ನಿಗೆ ಅವಳು ಹೇಳಿದಳು. "ಆವತ್ತು ಆಸ್ಪತ್ರೇಲಿ ಔಷಧಿ ಚೀಟಿ ನಿಮ್ಮ ಜೇಬಲ್ಲೇ ಉಳಿದಿತ್ತು. ಇಸ್ಕೊಂಡು ಹೋಗೋಕೆ ಬಂದಿದ್ದೆ. ಡಾಕ್ಟ್ರು ಹೇಳಿದ್ದೆಲ್ಲ ಕೇಳಿಸ್ಕೊಂಡೆ."

ಅವನ ಕೈಯ ಮೇಲೆ ನೀರು ಸುರಿಯುತ್ತಲೇ ಇತ್ತು. ತಿರುಗಿ ನಿಂತ. "ಮತ್ಯಾಕೆ ಹೇಳ್ಲಿಲ್ಲ?"

"ನೀವು ಮುಚ್ಚಿಟ್ರಿ. ನನಗೆ ಗೊತ್ತಾಗಿದೆ ಅಂತ ಗೊತ್ತಾದ್ರೆ ನೀವು ಕುಸೀತೀರಿ ಅಂದ್ಕೊಂಡೆ. ಅವಳು ನನ್ನ ಮುಂದೆ ನಗ್ತಾನೇ ಇದ್ದಳು. ಅವಳು ನಗಲಿ ಅಂತ ನಾನೂ ನಕ್ಕೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಳನ್ನ ಒಂದು ಸಲ ತಬ್ಕೊಂಡು ಅಳೋಕೂ ಆಗಲಿಲ್ಲ ಕಣ್ರೀ ನನಗೆ. ಹೆತ್ತೋಳು ನಾನು."

ಅವನು ನಲ್ಲಿ ನಿಲ್ಲಿಸಿದ.

"ನಿಮ್ಮ ಮುಂದೆ ಅತ್ತಳಾ?"

ಸುಳ್ಳು ಹೇಳಿಬಿಡೋಣವೆಂದುಕೊಂಡ. ಆದರೆ ಸುಳ್ಳು ಸಾಕಾಗಿತ್ತು. "ಒಂದೇ ಸಲ. ಕಾಲೇಜಿನ ಗೇಟ್ ಹತ್ರ. ಕರ್ಕೊಂಡು ಬರೋಕೆ ಹೋಗಿದ್ದೆ."

ಅವಳು ಕುರ್ಚಿ ಎಳೆದು ಅವನ ಎದುರು ಕೂತಳು. "ಎಷ್ಟು ಹೊತ್ತು?"

"ಸ್ಕೂಟರ್ ಮೇಲೆ ಹಿಂದೆ ಕೂತಿದ್ಲು. ಬೆನ್ನಿಗೆ ಮುಖ ಇಟ್ಟುಕೊಂಡು. ನಮ್ಮ ಬೀದಿ ತಿರುವಿನವರೆಗೂ ಅಳ್ತಿದ್ಲು. ನಾನು ಸುಮ್ನೆ ಎರಡು ಸುತ್ತು ಜಾಸ್ತಿ ಹೊಡೆದೆ, ಅಳಲಿ ಅಂತ."

"ಏನಾದ್ರೂ ಅಂದಳಾ?"

"ಅಮ್ಮ ಬೇಕು ಅಂದಳು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಒದ್ದೆ ಕೈಯಲ್ಲೇ ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಬಾಯಿಂದ ಕೈ ತೆಗೆದು ಅವಳು, "ಮೊದಲಿಂದ ಹೇಳಿ" ಎಂದಳು. ಅವನು ಮೊದಲಿನಿಂದ ಹೇಳತೊಡಗಿದ.