ದಪ್ಪ ಅಕ್ಷರ

ಲ್ಯಾಬಿನಲ್ಲಿ ರಕ್ತ ತೆಗೆಯಲು, ಮುಖ ಆಚೆ ತಿರುಗಿಸಿ ಕೂತಿದ್ದ ಹೆಂಗಸಿನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದ ಅವಳಿಗೆ ತಟ್ಟನೆ ನೆನಪಾಯಿತು. ತನ್ನ ನೋಟ್‌ಬುಕ್ಕು ಮನೆಯಲ್ಲಿ ಊಟದ ಮೇಜಿನ ಮೇಲೇ ಇದೆ. ಅಮ್ಮನಿಗೆ ನಿನ್ನೆ ಹೊಸ ಕನ್ನಡಕ ಬಂದಿದೆ. ಪಟ್ಟಿ ಬಿಗಿದವಳು ನರ ಹುಡುಕುವುದನ್ನೇ ಮರೆತಳು.

"ಏನಮ್ಮಾ, ರಕ್ತ ಸಿಗ್ತಿಲ್ವಾ?" ಎಂದಳು ಹೆಂಗಸು.

"ಸಿಗತ್ತೆ, ಮುಷ್ಟಿ ಬಿಗಿಯಾಗಿ ಹಿಡೀರಿ." ಇವಳು ಸೂಜಿ ಎತ್ತಿಕೊಂಡಳು.

ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಬರೆದದ್ದು ಕಣ್ಣಿಗೆ ಬಿದ್ದರೆ ಓದದೆ ಬಿಡುವುದು ಅವರ ಜಾಯಮಾನದಲ್ಲೇ ಇಲ್ಲ. ಮಗಳು ಹನ್ನೊಂದನೇ ವಯಸ್ಸಿನಲ್ಲಿ ಗುಟ್ಟಾಗಿ ಬರೆದ ಡೈರಿಯನ್ನು ಓದಿ, ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದಿ, ಕೆಳಗೆ ಸಹಿ ಬೇರೆ ಹಾಕಿದ್ದರು. ಅಂದಿನಿಂದ ಅವಳು ಹಿಡಿದದ್ದು ಗಟ್ಟಿ ಸೀಸದ ಪೆನ್ಸಿಲ್ಲು, ಅಂಗೈಯಗಲದ ಪುಸ್ತಕ, ಇರುವೆ ಸಾಲಿನಂಥ ಅಕ್ಷರ. ಅದರಲ್ಲೂ ಬರೆಯುತ್ತಿದ್ದುದು ಅಮ್ಮ ಓದಿದರೂ ನಡೆಯುವಂಥದ್ದೇ. ಇವತ್ತು ಸೆಖೆ, ನಾಳೆ ರಜೆ. ಡೈರಿ ಏನು ಬಂತು, ಹವಾಮಾನ ವರದಿ.

ಹೋದ ವರ್ಷ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಮಸುಕಾದವು. ಆ ವಾರವೇ ಅವಳು ದೊಡ್ಡ ನೋಟ್‌ಬುಕ್ಕು, ದಪ್ಪ ನಿಬ್ಬಿನ ಶಾಯಿ ಪೆನ್ನು ಕೊಂಡು ತಂದಳು. ಅಮ್ಮನ ಎದುರಿಗೇ ಕೂತು, ಸಾಲು ಬಿಟ್ಟು ಸಾಲು, ಮನಸ್ಸು ಬಿಚ್ಚಿ ಬರೆದಳು. ಮೂವತ್ತೊಂಬತ್ತರ ವಯಸ್ಸಿನಲ್ಲಿ, ಲ್ಯಾಬಿಗೆ ಸ್ಯಾಂಪಲ್ ತರುವ ವ್ಯಾನಿನವರ ಮೇಲೆ ಮನಸ್ಸಾದದ್ದನ್ನೂ ಬರೆದಳು. ಬಚ್ಚಿಡುವ ಅಭ್ಯಾಸವೇ ತಪ್ಪಿಹೋಯಿತು. ಈಗ ಆಪರೇಷನ್ ಮುಗಿದು ಕನ್ನಡಕ ಬಂದಿದ್ದರೂ ನೋಟ್‌ಬುಕ್ಕನ್ನು ಮೇಜಿನ ಮೇಲೇ ಬಿಟ್ಟು ಬಂದಿದ್ದಳು. ವ್ಯಾನಿನವರ ವಿಷಯ ಹೇಗೋ ಆಗುತ್ತದೆ. ಆದರೆ ಮೊನ್ನೆ ಬರೆದದ್ದು? 'ಅಮ್ಮನಿಗೆ ಕಣ್ಣು ಕಾಣದಿದ್ದ ಈ ವರ್ಷ ನಾನು ಹಾಯಾಗಿದ್ದೆ. ಆಪರೇಷನ್ನಿನ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿಸಿದವಳು ನಾನೇ.'

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಓಡಿದಳು. ಅಮ್ಮ ಬೆಳಿಗ್ಗೆಯಷ್ಟೇ ಹೊಸ ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲಿ ಕೂತಲ್ಲಿಂದಲೇ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ ಬೀಗಿದ್ದರು. ಅದು ನೆನಪಾದಾಗಲೆಲ್ಲ ಇನ್ನಷ್ಟು ಬಿರುಸಾಗಿ ಹೆಜ್ಜೆ ಹಾಕಿದಳು. ಯಾವ ಸುಳ್ಳು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದಳು, ಒಂದೂ ಹೊಳೆಯಲಿಲ್ಲ.

ಅಮ್ಮ ಮೇಜಿನ ಮುಂದೆ ಕೂತಿದ್ದರು. ನೋಟ್‌ಬುಕ್ಕು ತೆರೆದಿತ್ತು, ಮೊನ್ನೆಯ ಪುಟಕ್ಕೆ. ಅವಳ ಕೈಯಿಂದ ಬ್ಯಾಗು ಜಾರಿ ಅಡುಗೆಮನೆಯ ದಾರಿಗೆ ಅಡ್ಡ ಬಿತ್ತು.

"ಇಷ್ಟು ಬೇಗ ಬಂದ್ಯಾ ಪುಟ್ಟಿ?"

"ತಲೆನೋವು."

ಅಮ್ಮ ಕನ್ನಡಕ ತೆಗೆದು ಗಾಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಏನೋ ಬರೆದಿಟ್ಟಿದೀಯಲ್ಲ, ನೋಡೋಣ ಅಂತ ತೆಗೆದೆ. ಒಂದಕ್ಷರಾನೂ ಕಾಣ್ಲಿಲ್ಲ ಕಣೇ. ಈ ಕನ್ನಡಕ ಸರಿ ಇಲ್ಲ."

"ಅಮ್ಮಾ..."

"ಡಾಕ್ಟರ ಹತ್ರ ನಿಧಾನಕ್ಕೆ ಹೋದ್ರಾಯ್ತು. ನಂಗೇನೂ ಅವಸರ ಇಲ್ಲ."

ಅಮ್ಮ ನೋಟ್‌ಬುಕ್ಕು ಮುಚ್ಚಿ ಎದ್ದರು. ವರ್ಷವೆಲ್ಲ ನಡೆದಾಡಿದ ಹಾಗೆಯೇ, ಒಂದು ಕೈಯಲ್ಲಿ ಗೋಡೆ ತಡವಿಕೊಂಡು ನೀರು ತರಲು ಹೊರಟರು. ದಾರಿಗೆ ಅಡ್ಡ ಬಿದ್ದಿದ್ದ ಬ್ಯಾಗನ್ನು ಮಾತ್ರ ಬಳಸಿಕೊಂಡು ದಾಟಿದರು.