ಆಪರೇಟರಮ್ಮನ ಅಂಕಿ

ಬೈತಲೆ ಒಂದೆಳೆ ಎಡಕ್ಕೆ ಸರಿದಿದೆಯೆಂದು ಅವನು ಮತ್ತೆ ಬಾಚಣಿಗೆ ಎತ್ತಿಕೊಂಡ. ಶವಪೆಟ್ಟಿಗೆ ಮುಚ್ಚಲು ಬಂದವರು ಗೋಡೆಗೊರಗಿ ಕಾಯುತ್ತಿದ್ದರು. ಜೀವಮಾನವಿಡೀ ಸಲೂನು ನಡೆಸಿದವನು ಹೆಂಡತಿಯ ತಲೆ ಬಾಚುತ್ತಿದ್ದುದು ಇದೇ ಮೊದಲು. ಬಾಚಿಸಿಕೊಳ್ಳಲು ಕೂತರೆ ಇವನ ಮಾತೆಲ್ಲ ಕೇಳಬೇಕಾಗುತ್ತದೆಂದು ಅವಳು ತಲೆ ಮುಟ್ಟಗೊಟ್ಟಿರಲಿಲ್ಲ. ಅವನಿಗೆ ರೇಡಿಯೋ ಎಂದು ಹೆಸರಿಟ್ಟವಳೂ ಅವಳೇ. ಈಗಲೂ ಅವನು ಯಾರು ಯಾರು ಬಂದಿದ್ದಾರೆ, ಯಾರ ಬೂಟು ಕಿರುಗುಟ್ಟುತ್ತಿದೆ ಎಂದು ಅವಳಿಗೆ ವರದಿ ಒಪ್ಪಿಸುತ್ತಲೇ ಇದ್ದ.

“ಸಾಕು ಬಿಡಿ ಭಾವ, ಅಕ್ಕ ಚೆನ್ನಾಗಿ ಕಾಣ್ತಿದಾಳೆ,” ಎಂದಳು ನಾದಿನಿ.

ಬಾಗಿಲ ಬಳಿ ನಿಂತಿದ್ದ ಪ್ರೊಫೆಸರ್ ಕಣ್ಣೊರೆಸಿಕೊಂಡಳು. ಅಳು ನಿಜವಾದದ್ದೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಸಂಕಟವಿತ್ತು, ಅದಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು. ಅವಳ ಆರು ವರ್ಷದ ಕೆಲಸಕ್ಕೆ ಬೇಕಾದ ಒಂದು ಅಂಕಿ ಆಪರೇಟರಮ್ಮನ ಜೊತೆಗೇ ಈ ಪೆಟ್ಟಿಗೆಯೊಳಗೆ ಮುಚ್ಚಿಹೋಗಲಿತ್ತು.

*

ಪ್ರೊಫೆಸರ್ ಕೆಲಸ ಮಾಡುವ ವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ, ಕೂದಲಿಗಿಂತ ತೆಳ್ಳಗಿನ ಎಳೆಗೆ ಒಂದು ಲೋಹದ ಸರಳನ್ನು ಅಡ್ಡಕ್ಕೆ ತೂಗುಬಿಟ್ಟಿದ್ದರು. ಪಕ್ಕದಲ್ಲಿಟ್ಟ ಭಾರದ ಗುಂಡುಗಳು ಅದನ್ನು ತಮ್ಮತ್ತ ಎಳೆಯುತ್ತವೆ, ಅದೇ ಗುರುತ್ವ. ಭೂಮಿ ತಿರುಗಿದಂತೆ ಸರಳೂ ಗುಂಡುಗಳೂ ಆಕಾಶದ ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತವೆ. ಎತ್ತ ಮುಖ ಮಾಡಿದರೂ ಎಳೆತ ಒಂದೇ ಇರುತ್ತದೆಯೇ? ಅಥವಾ ದೇಶಕಾಲಕ್ಕೂ ಪಕ್ಷಪಾತವುಂಟೇ? ಚೂರು ವ್ಯತ್ಯಾಸ ಕಂಡರೂ ಭೌತಶಾಸ್ತ್ರದ ಬುನಾದಿಯನ್ನೇ ಮತ್ತೆ ಅಗೆಯಬೇಕು.

ಅಂಥದ್ದು ತನ್ನ ಕೈಗೇ ಸಿಗಲೆಂದು ಯಾರಿಗೆ ಆಸೆಯಿಲ್ಲ? ಆ ಆಸೆಯೇ ಲೆಕ್ಕವನ್ನು ತನ್ನ ಕಡೆಗೆ ವಾಲಿಸಿಬಿಡುತ್ತದೆ. ಅದಕ್ಕೇ ಹೊರಗಿನವರೊಬ್ಬರು ಗುಟ್ಟಾಗಿ ಹಲವು ಸ್ಥಾನಗಳ ಒಂದು ಅಂಕಿ ಆರಿಸಿ ಕಂಪ್ಯೂಟರಿಗೆ ಕೊಡಬೇಕು. ಅದು ಅಂಕಿಯನ್ನು ಅಳತೆಗಳಲ್ಲಿ ಬೆರೆಸುತ್ತದೆ, ಯಾರಿಗೂ ತೋರಿಸುವುದಿಲ್ಲ. ಲೆಕ್ಕ ಮುಗಿದು, ಇನ್ನು ಏನನ್ನೂ ತಿದ್ದುವುದಿಲ್ಲ ಎಂದಾದ ಮೇಲೆ ಆ ಅಂಕಿಯನ್ನು ಕೇಳಿ ಕಳೆಯಬೇಕು. ಉಳಿದದ್ದು ನಿಜ.

ಯಾರನ್ನು ನಂಬುವುದು ಎಂದಾಗ ಎಲ್ಲರೂ ಟೆಲಿಫೋನ್ ಆಪರೇಟರಮ್ಮನ ಹೆಸರನ್ನೇ ಹೇಳಿದರು. ಸಂಸ್ಥೆಯ ಅರ್ಧ ಸಂಸಾರ ಅವಳ ಕಿವಿಯ ಮೂಲಕವೇ ಹಾದುಹೋಗಿತ್ತು, ಒಂದು ಮಾತೂ ಆಚೆ ಬಂದಿರಲಿಲ್ಲ. ಪ್ರೊಫೆಸರಳ ಮದುವೆ ಮುರಿದ ಸುದ್ದಿ ಬಂದದ್ದೂ ಅವಳ ಟೆಲಿಫೋನ್ ಬೋರ್ಡಿನ ಮೂಲಕವೇ. ಆವತ್ತು ಮಧ್ಯಾಹ್ನವಿಡೀ ಆಪರೇಟರಮ್ಮ ಬೇರೆ ಯಾವ ಕರೆಯನ್ನೂ ಕೊಡಲಿಲ್ಲ. ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದು ಎಲ್ಲರಿಗೂ ಸುಳ್ಳು ಹೇಳಿದಳು, ಆಮೇಲೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಆ ಉಪಕಾರವನ್ನು ಪ್ರೊಫೆಸರ್ ಮರೆತಿರಲಿಲ್ಲ.

“ನಿಮ್ಮ ಆಸೆಯ ಕಣ್ಣಿಗೆ ಬಟ್ಟೆ ಕಟ್ಟಬೇಕು, ಅಷ್ಟೇ ತಾನೆ?” ಎಂದಿದ್ದಳು ಆಪರೇಟರಮ್ಮ. “ಕಟ್ತೀನಿ. ಆದರೆ ಎಲ್ಲೂ ಬರೆದಿಡಲ್ಲ. ಬರೆದಿಟ್ಟದ್ದನ್ನ ಯಾರಾದರೂ ಓದೇ ಓದ್ತಾರೆ.”

*

ಮಣ್ಣು ಮುಚ್ಚಿದ ಮೇಲೆ ಜನ ಬಿಡಿಬಿಡಿಯಾಗಿ ನಿಂತು ಆಪರೇಟರಮ್ಮನಿಗೆ ಕೃತಜ್ಞತೆ ಹೇಳಿಕೊಂಡರು. ಏತಕ್ಕೆಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಪ್ರೊಫೆಸರ್ ನಾದಿನಿಯನ್ನು ಪಕ್ಕಕ್ಕೆ ಕರೆದು, ಅಕ್ಕ ಯಾರಿಗಾದರೂ ಒಂದು ಅಂಕಿ ಹೇಳಿದ್ದಳೇ ಎಂದು ಅಳುಕುತ್ತಲೇ ಕೇಳಿದಳು.

“ಇಲ್ಲ ಮೇಡಂ. ಭಾವನಿಗಂತೂ ಹೇಳಿರೋದೇ ಇಲ್ಲ. ಅವರ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ. ನನ್ನ ಮದುವೆ ನಿಶ್ಚಯವಾಗಿದ್ದು ನನಗಿಂತ ಮೊದಲು ಅವರ ಗಿರಾಕಿಗಳಿಗೆ ತಿಳಿದಿತ್ತು.”

ಮರಳುವ ವ್ಯಾನಿನಲ್ಲಿ ರೇಡಿಯೋ ಪ್ರೊಫೆಸರಳೆದುರಿನ ಸೀಟಿನಲ್ಲಿ ಕುಳಿತ. ಗುಂಡಿ ತೋಡಿದವರ ಕೆಲಸವನ್ನು ಹೊಗಳಿದ, ಡ್ರೈವರನ ಕ್ರಾಪಿನಲ್ಲಿ ತಪ್ಪು ಹುಡುಕಿದ. ಆಮೇಲೆ ಮುಂದಕ್ಕೆ ಬಾಗಿ ದನಿ ತಗ್ಗಿಸಿದ.

“ಲೆಕ್ಕ ಮುಗೀತಾ, ಮೇಡಂ?”

ನಾದಿನಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

“ಹುಷಾರು ತಪ್ಪಿದಾಗಲೇ ನನಗೆ ಹೇಳಿದ್ಲು,” ಎಂದ ಅವನು. “ಲೆಕ್ಕ ಮುಗಿಯೋವರೆಗೆ ಉಸಿರೆತ್ತಬೇಡ ಅಂದಿದ್ಲು. ಚಳಿಗಾಲದಿಂದ ಹೊಟ್ಟೇಲಿಟ್ಕೊಂಡಿದೀನಿ. ಇಷ್ಟು ಜನ ಇರುವಾಗ ನನ್ನನ್ನ ನಂಬಿದ್ಲಲ್ಲ, ಅದು ಸಾಕು ನನಗೆ.”

ಮುಗಿದಿದೆ ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಆರು ವರ್ಷದ ಉತ್ತರ ಈ ವ್ಯಾನಿನಲ್ಲೇ ಸಿಗುತ್ತಿತ್ತು. ಇವನಿಗೂ ವಯಸ್ಸಾಗಿದೆ, ನಾಳೆ ಏನಾದರೂ ಆದರೆ?

“ಇಲ್ಲ,” ಎಂದಳು ಪ್ರೊಫೆಸರ್. “ಇನ್ನೂ ಎರಡು ತಿಂಗಳ ಕೆಲಸ ಇದೆ.”

“ಹಾಗಾದ್ರೆ ಆಗಲೇ ಬನ್ನಿ. ನಾನು ಗಟ್ಟಿಯಾಗಿದೀನಿ, ಹೆದರಬೇಡಿ.”

ಅವನು ಕೈ ಕಟ್ಟಿ ಹಿಂದಕ್ಕೆ ಒರಗಿದ. ಪ್ರೊಫೆಸರಳಿಗೆ ಅವನ ಮೇಲೆ, ಅವನನ್ನು ನಂಬಿ ಹೋದವಳ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಥ್ಯಾಂಕ್ಸ್ ಹೇಳಲೆಂದು ಅವನತ್ತ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಮರೆತುಹೋದೀತೆಂಬ ಭಯಕ್ಕೋ ಏನೋ, ಅವನ ತುಟಿಗಳು ಸದ್ದಿಲ್ಲದೆ, ನಿಧಾನವಾಗಿ, ಒಂದೊಂದೇ ಅಂಕಿಯನ್ನು ಹೇಳಿಕೊಳ್ಳುತ್ತಿದ್ದವು.

ಕಣ್ಣು ಆ ತುಟಿಗಳನ್ನು ಓದಿಬಿಡುವ ಮೊದಲೇ ಅವಳು ತಟ್ಟನೆ ಕಿಟಕಿಯತ್ತ ಮುಖ ತಿರುಗಿಸಿದಳು. ಮನೆ ಬರುವವರೆಗೂ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಕುಳಿತಳು.