ಮಸಿ ಮುಟ್ಟದ ಪುಟಗಳು

ಪತ್ರವನ್ನು ಮೂರನೆಯ ಸಲ ಓದಿದಾಗ ಡೆನಿಸನಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವನ ಪುಸ್ತಕ ಓದಿ ಕಾಪುವಿನಲ್ಲಿ ಒಬ್ಬ ಹೆಂಗಸು ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲವಂತೆ. ಬಸ್‌ಸ್ಟ್ಯಾಂಡಿನ ಬಳಿ ಪತ್ರಿಕೆ, ಪುಸ್ತಕ ಮಾರುವ ಅವಳ ಅಣ್ಣ ಪುತ್ತುಬ್ಬ ಇನ್‌ಲ್ಯಾಂಡಿನಲ್ಲಿ ಬರೆದಿದ್ದ: ತಾವು ಒಮ್ಮೆ ಬಂದು ಅದರ ಅರ್ಥ ಹೇಳಿದರೆ ಉಪಕಾರವಾಗುತ್ತಿತ್ತು.

ಅಂತೂ ಹೆದರಿದವರು ಒಬ್ಬರು ಸಿಕ್ಕಿದರು.

ಮಧ್ಯಾಹ್ನದ ಕ್ಲಾಸಿಗೆ ರಜೆ ಬರೆದುಕೊಟ್ಟು ಅವನು ಮಣಿಪಾಲದ ಗುಡ್ಡ ಇಳಿದ. ಉಡುಪಿಯಲ್ಲಿ ಬಸ್ಸು ಬದಲಿಸಿದ.

ಇಂಗ್ಲಿಷ್ ಕಲಿಸುವ ಡೆನಿಸ್ ಮೂರು ವರ್ಷ ಕೂತು ‘ಐದು ನಡುಕ’ ಬರೆದಿದ್ದ. ಕಾಮಿಕ್ಸಿನ ಹಾಗೆ ಚಿತ್ರಗಳಲ್ಲಿ ಐದು ಭಯದ ಕತೆಗಳು, ಒಂದೊಂದೂ ಒಂದೊಂದು ರೀತಿ. ಒಂದರಲ್ಲಿ ಬರೀ ಕೈಗಳು. ಒಂದು ಪೂರ್ತಿ ಮಂಚದ ಅಡಿಯಿಂದ ಕಂಡದ್ದು. ಒಮ್ಮೆ ಅರುವತ್ತು ಹುಡುಗರ ಮುಂದೆ ಪಾಠ ಮಾಡುತ್ತಿದ್ದಾಗ ಕೋಣೆಯಲ್ಲಿ ಯಾರೂ ಇಲ್ಲ, ತಾನೂ ಇಲ್ಲ ಅನ್ನಿಸಿ ಅವನ ಬೆನ್ನು ತಣ್ಣಗಾಗಿತ್ತು. ಅದನ್ನೇ ಹೇಳಹೊರಟಿದ್ದ.

ಜನ ನಕ್ಕರು. ಭೂತದ ಕತೆಗಳನ್ನು ಇಷ್ಟು ಸೊಗಸಾಗಿ ಅಣಕಿಸಿದವರು ಬೇರೆ ಇಲ್ಲವೆಂದು ಒಂದು ವಾರಪತ್ರಿಕೆ ಬರೆಯಿತು. ಹೆಂಡತಿ ಝೀಟಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಿಮ್ಮೊಳಗೆ ಇಷ್ಟು ತಮಾಷೆ ಉಂಟೆಂದು ನನಗೆ ಗೊತ್ತೇ ಇರಲಿಲ್ಲ ಎಂದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಅವನು ತಿದ್ದಲು ಹೋಗಲಿಲ್ಲ.

ಪುಸ್ತಕ ಪ್ರಕಟಿಸಿದ ಕಾರ್ಕಳದ ಗುಣಪಾಲನಿಗೆ ಮಾತ್ರ ನಿಜ ಹೇಳಿದ್ದ. ಗುಣಪಾಲ ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡ.

“ಇಲ್ಲಿಯವರಿಗೆ ಹೆದರಲು ಮನೆಯಲ್ಲೇ ಭೂತ ಉಂಟು ಮಾರಾಯ. ವರ್ಷವರ್ಷ ಕೋಲ ಕಟ್ಟಿಸುತ್ತಾರೆ. ಅದರೆದುರು ನಗಲಿಕ್ಕೆ ಆಗುವುದಿಲ್ಲ, ನಿನ್ನದರೆದುರು ಆಗುತ್ತದೆ. ಸುಮ್ಮನಿರು.”

ಅವನು ಸುಮ್ಮನಿದ್ದ. ಎರಡನೆಯ ಮುದ್ರಣದ ರಕ್ಷಾಪುಟದಲ್ಲಿ ‘ವಿಡಂಬನೆ’ ಎಂಬ ಪದ ಬಂತು.

ಕಾಪುವಿನಲ್ಲಿ ಪುತ್ತುಬ್ಬ ಅಂಗಡಿಯಲ್ಲೇ ಸಿಕ್ಕಿದ. ಪಡುದಿಕ್ಕಿನ ಓಣಿಯಲ್ಲಿ ನಡೆಯುತ್ತ, ತಂಗಿ ಸಫಿಯಮ್ಮ ಏಳನೇ ಕ್ಲಾಸು ಓದಿದವಳು, ಅಂಗಡಿಗೆ ಬಂದದ್ದನ್ನೆಲ್ಲ ಓದುತ್ತಾಳೆ ಎಂದ. ಅವಳ ಗಂಡ ಮಮ್ಮು ದುಬೈಯಲ್ಲಿದ್ದಾನೆ, ಎಂಟು ತಿಂಗಳಿಂದ ಕಾಗದವಿಲ್ಲ ಎಂಬುದನ್ನು ದನಿ ತಗ್ಗಿಸಿ ಹೇಳಿದ. ಡೆನಿಸ್ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವಳನ್ನು ಹೆದರಿಸಿದ್ದು ಮಂಚದ ಕತೆಯೋ, ಕೈಗಳದೋ ಎಂದು ಲೆಕ್ಕ ಹಾಕುತ್ತಿದ್ದ.

ಸಫಿಯಮ್ಮ ಬಾಗಿಲ ಮರೆಯಲ್ಲಿ ನಿಂತಳು. ಮೊದಲ ನಾಲ್ಕು ಕತೆ ಓದಿ ತುಂಬ ನಗು ಬಂತೆಂದಳು. ಆಮೇಲೆ ಪುಸ್ತಕ ಬಿಡಿಸಿ ಅಣ್ಣನ ಕೈಯಲ್ಲಿ ಕಳಿಸಿದಳು.

ಐದನೆಯ ಕತೆ. ಚೌಕಗಳನ್ನೂ ಮಾತಿನ ಗುಳ್ಳೆಗಳನ್ನೂ ಕೆಂಪು ಮಸಿಯಲ್ಲಿ, ಚಿತ್ರವನ್ನೂ ಮಾತನ್ನೂ ಕಪ್ಪಿನಲ್ಲಿ ಅಚ್ಚುಹಾಕಿಸಿದ್ದರು. ಈ ಪ್ರತಿಯ ಹಾಳೆಗೆ ಕಪ್ಪು ಮಸಿ ಮುಟ್ಟಿರಲೇ ಇಲ್ಲ. ಎಂಟು ಪುಟ ಬರೀ ಕೆಂಪು ಚೌಕ, ಖಾಲಿ ಗುಳ್ಳೆ.

“ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಾಗೆ ಆಯಿತು,” ಎಂದಳು ಸಫಿಯಮ್ಮ. “ಎಲ್ಲಿಯೂ ಜನ ಇಲ್ಲ. ಆದರೂ ಮಾತಾಡ್ತಾ ಇದ್ದಾರೆ. ಎಂತ ಅಂತ ಗೊತ್ತಾಗುವುದಿಲ್ಲ.” ಬಾಗಿಲ ಮರೆಯಿಂದಲೇ ಕೇಳಿದಳು: “ಇದು ಪ್ರೆಸ್ಸಿನವರ ತಪ್ಪಾ, ಮಾಷ್ಟ್ರೇ? ಅಣ್ಣ ಹಾಗೆ ಹೇಳ್ತಾನೆ.”

ಹೌದು ಎನ್ನಲು ಡೆನಿಸ್ ಬಾಯಿ ತೆರೆದ. ಅಂದು ಕ್ಲಾಸಿನಲ್ಲಿ ಅವನಿಗೆ ಕಂಡದ್ದು ಇದೇ. ಅವನ ಕೈ ಮೂರು ವರ್ಷ ಹುಡುಕಿದ್ದು ಇದೇ. ಯಾವನೋ ಯಂತ್ರದವನು ಮೈಮರೆತು ಅದನ್ನು ಮಾಡಿ ಮುಗಿಸಿದ್ದ. ಓದಿ ಹೆದರಿದವಳು ಎದುರಿಗಿದ್ದಳು.

“ಅಲ್ಲ,” ಎಂದ. “ಬೇಕೆಂದೇ ಬಿಟ್ಟದ್ದು.”

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು.

“ಬೇಕೆಂದೇ ಬಿಟ್ಟದ್ದು,” ಎಂದಳು ಸಫಿಯಮ್ಮ ನಿಧಾನವಾಗಿ. “ನಾನೂ ಹಾಗೆಯೇ ಗ್ರಹಿಸಿದ್ದೆ. ಕಾಗದ ಬಾರದ್ದು ಅಂಚೆಯವರ ತಪ್ಪು ಅಂತ ಇವರೆಲ್ಲ ಹೇಳ್ತಾ ಇದ್ದರು.”

ಅವಳು ಒಳಗೆ ಹೋದಳು. ಡೆನಿಸ್ ಅರ್ಧ ಎದ್ದವನು ಮತ್ತೆ ಕೂತ. ಒಳಗಿನಿಂದ ಅಳು ಕೇಳೀತೆಂದು ಕಿವಿಗೊಟ್ಟ. ಕೇಳಿದ್ದು ಬಟ್ಟಲಿಗೆ ಅನ್ನ ಬಡಿಸಿಕೊಳ್ಳುವ ಸದ್ದು. ಪುತ್ತುಬ್ಬ ಅವನ ಕೈಗೆ ಶರಬತ್ತು ಕೊಟ್ಟು, ಕಲಿತವರು ಹೇಳಿದರೆ ಹೀಗೆ, ಈಗ ಉಣ್ಣುತ್ತಿದ್ದಾಳೆ ನೋಡಿ ಎಂದು ಉಪಕಾರ ಸ್ಮರಿಸಿದ.

ಓಣಿಯ ತುದಿಗೆ ಬಂದ ಮೇಲೆ ಡೆನಿಸ್ ನಿಂತುಬಿಟ್ಟ.

“ಪುತ್ತುಬ್ಬರೇ, ಅದು ಪ್ರೆಸ್ಸಿನ ತಪ್ಪೇ. ನಾನು ಸುಳ್ಳು ಹೇಳಿದೆ. ತಂಗಿಗೆ ತಿಳಿಸಿ.”

ಪುತ್ತುಬ್ಬ ಅವನ ಮುಖ ನೋಡಿದ. ಆಮೇಲೆ ಹೆಗಲ ಮೇಲಿನ ಬೈರಾಸವನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವ ಹಾಗೆ ನಕ್ಕ. “ನೀವು ಬರೆಯುವುದು ಮಾತ್ರ ಅಲ್ಲ, ಮಾತಾಡುವುದೂ ತಮಾಷೆಯೇ ಅಲ್ವಾ,” ಎಂದು ಕಣ್ಣೊರೆಸುತ್ತ ಅಂಗಡಿಯ ಕಡೆ ನಡೆದ.

ಡೆನಿಸ್ ಬಸ್ಸಿಗೆ ಕಾದು ನಿಂತ. ಎದುರಿನಿಂದ ಪ್ರಚಾರದ ಕಾರೊಂದು ನಿಧಾನ ಬಂತು, ಮಾಡಿನ ಮೇಲೆ ಎರಡು ಧ್ವನಿವರ್ಧಕ ಕಟ್ಟಿಕೊಂಡು. ಹಿಂದಿನ ಸೀಟಿನಲ್ಲಿ ಪ್ರಚಾರ ಕೂಗುವವನು ಮೈಕನ್ನು ಎದೆಗವಚಿಕೊಂಡು ನಿದ್ದೆ ಹೋಗಿದ್ದ. ಧ್ವನಿವರ್ಧಕದಿಂದ ಬರುತ್ತಿದ್ದುದು ಬರೀ ಅವನ ಉಸಿರು. ಬೀದಿಯ ಎರಡೂ ಬದಿಯ ಮನೆಗಳಿಂದ ಜನ ಬಾಗಿಲಿಗೆ ಬಂದು, ಏನು ಹೇಳುತ್ತಾರೋ ಎಂದು ಕೇಳುತ್ತ ನಿಂತರು.